ರೀಡಿಂಗ್

ಎಂಬತ್ತು ಜನರ ರಕ್ತ ಬೇಕು ಡಾಕ್ಟರ್ ತಬಸ್ಸುಮರ ಪ್ರಬಂಧಕ್ಕೆ,
ಎಂಬತ್ತು ಜನ, ಹೃದಯದ ನಾಳ ಕಟ್ಟಿಕೊಂಡವರು.
ನಲವತ್ತೇಳನೆಯವರು ಹುಚ್ರಾಯಪ್ಪ.
ಶಿಕಾರಿಪುರದ ಕಡೆಯವರು, ಈಗ ಗೋಪಾಳದಲ್ಲಿ ಮನೆ,
ಮೂವತ್ತೊಂದು ವರ್ಷ ಶಿವಮೊಗ್ಗದ ಕರೆಂಟಿನ ಮೀಟರು ಓದಿದವರು.

ತೋಳು ಚಾಚಿ ಕೂತರು. ಮೊದಲ ಸಲ ನರ ಸಿಗಲಿಲ್ಲ.
"ನಿಧಾನ ಸಿಸ್ಟರ್, ಕೆಲವು ಮನೇಲಿ
ಮೀಟರು ಬಾಗಿಲ ಹಿಂದೆ ಇರುತ್ತೆ."
ನಾನು ಸಿಸ್ಟರ್ ಅಲ್ಲ, ಲ್ಯಾಬಿನವಳು. ತಿದ್ದಲಿಲ್ಲ.

ಜ್ವರ ಉಂಟಾ? ಇಲ್ಲ.
ಕೆಮ್ಮು, ಹಲ್ಲುನೋವು, ವಾಸಿಯಾಗದ ಗಾಯ?
ಪ್ಯಾಂಟೆತ್ತಿ ಮೀನಖಂಡ ತೋರಿಸಿದರು:
ದುರ್ಗಿಗುಡಿಯ ನಾಯಿ, ತೊಂಬತ್ತೆಂಟನೇ ಇಸವಿ.
ಅದು ಫಾರಮ್ಮಿಗೆ ಬರುವುದಿಲ್ಲ ಅಂದೆ.
"ಬರ್ಕೊಳ್ಳಿ, ಇರಲಿ."

ನೆಟ್ಟಗೆ ನಿಲ್ಲಿಸಿದ ಗಾಜಿನ ಕೊಳವೆಯಲ್ಲಿ
ಅವರ ರಕ್ತ ಒಂದು ಗಂಟೆ ನಿಂತಿತು.
ಕೆಂಪು ಕೆಳಗಿಳಿಯುತ್ತದೆ, ಮೇಲೆ ಒಣಹುಲ್ಲಿನ ಬಣ್ಣದ ತಿಳಿ.
ಒಳಗೆ ಉರಿಯಿದ್ದವರ ರಕ್ತದಲ್ಲಿ ಕಣಗಳು
ಗಲ್ಲಾಪೆಟ್ಟಿಗೆಯ ನಾಣ್ಯಗಳ ಹಾಗೆ ಒಂದಕ್ಕೊಂದು ಅಂಟಿ
ಭಾರಕ್ಕೆ ಬೇಗ ಕುಸಿಯುತ್ತವೆ.
ನಲವತ್ತೆರಡು ಮಿಲಿಮೀಟರ್. ಅವರ ವಯಸ್ಸಿಗೆ ಇಪ್ಪತ್ತು ಸಾಕಿತ್ತು.
ಸಿಆರ್‌ಪಿ ಆರು ಪಾಯಿಂಟ್ ಎಂಟು.
ಮೂರು ದಾಟಿದರೆ ನಾನು ಕೆಂಪು ಶಾಯಿಯ ಗೆರೆ ಎಳೆಯಬೇಕು.

ವಿಚಿತ್ರವೆಂದರೆ, ಉರಿಯುವುದು ನಾಳದ ಗೋಡೆ,
ದೂರು ಬರೆಯುವುದು ಯಕೃತ್ತು,
ಎಲ್ಲೋ ಕೂತ ಕಚೇರಿಯ ಗುಮಾಸ್ತ:
ಬೆಂಕಿ ಇದೆ. ಅಷ್ಟೇ.
ಯಾವ ಬೀದಿ, ಯಾವ ಮನೆ, ಬರೆದಿರುವುದಿಲ್ಲ.
ಉರಿಯೂತ ಅನ್ನುತ್ತೇವೆ ಅದಕ್ಕೆ;
ಅವರಲ್ಲಿ ಉರಿಯೂ ಕಾಣಲಿಲ್ಲ, ಊತವೂ ಕಾಣಲಿಲ್ಲ.
ಇಸ್ತ್ರಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು.

ಗುರುವಾರ ಬಂದರು. "ರೀಡಿಂಗ್ ಎಷ್ಟು ಬಂತು?"
ಹೇಳಿದೆ. ಹೇಳಬಾರದು, ಡಾಕ್ಟರ್ ಹೇಳಬೇಕು.
ಚೀಟಿಯನ್ನೇ ಸ್ವಲ್ಪ ಹೊತ್ತು ನೋಡಿ,
ಬಿಲ್ಲು ಹೆಚ್ಚು ಬಂತೆಂದು ಜಗಳಕ್ಕೆ ನಿಂತವರಿಗೆ
ಹೇಳಿ ಹೇಳಿ ಸವೆದ ದನಿಯಲ್ಲಿ ಅಂದರು:
"ಮನೆ ಸ್ವಿಚ್ಚೆಲ್ಲಾ ಆರಿಸಿ. ಫ್ಯಾನು, ಪಂಪು,
ದೇವರ ಮುಂದಿನ ಬಲ್ಬು ಕೂಡ.
ಆಮೇಲೆ ಹೋಗಿ ನೋಡಿ. ಆಗಲೂ ಚಕ್ರ ತಿರುಗ್ತಾ ಇದ್ರೆ
ಗೋಡೆಯೊಳಗೆ ಎಲ್ಲೋ ಲೀಕು.
ನಾನು ನಿದ್ದೆ ಮಾಡುವಾಗಲೂ ತಿರುಗ್ತಾ ಇತ್ತು ಅಂತಾಯ್ತು."

ಬೀಡಿ ಬಿಟ್ಟು ಎಷ್ಟು ವರ್ಷ ಅಂತ ಕೇಳಬೇಕಿತ್ತು.
ಫಾರಮ್ಮಿನ ಆ ಸಾಲು ಖಾಲಿ ಉಳಿದಿದೆ.

ಮೂರು ತಿಂಗಳಿಗೆ ಎಲ್ಲರೂ ಮತ್ತೆ ಬರಬೇಕಿತ್ತು.
ಎಪ್ಪತ್ತೊಂದು ಜನ ಬಂದರು.
ಅವರ ಹೆಸರಿನೆದುರು ಡಾಕ್ಟರ್ "ಬಂದಿಲ್ಲ" ಎಂದು ಬರೆದರು,
ಪ್ರಬಂಧಕ್ಕೆ ಅಷ್ಟು ಸಾಕು.
ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತದೆ.
ಅವರ ಸೀಸೆ ಮೈನಸ್ ಇಪ್ಪತ್ತರ ಚಳಿಯಲ್ಲಿದೆ,
ನಲವತ್ತಾರು ನಲವತ್ತೆಂಟರ ನಡುವೆ.
ಕರೆಂಟು ಹೋದ ರಾತ್ರಿ, ಜನರೇಟರ್ ಹತ್ತುವ ತನಕ,
ಫ್ರೀಜರಿನ ಬಾಗಿಲಿಗೆ ಕೈಯೊತ್ತಿ ನಿಂತಿರುತ್ತೇನೆ,
ಅದರಿಂದೇನೂ ಉಪಯೋಗವಿಲ್ಲದಿದ್ದರೂ.

ನಿನ್ನೆ ವಿನೋಬನಗರದ ನಮ್ಮ ಮನೆಗೆ ಬಿಲ್ಲಿನವನು ಬಂದಿದ್ದ,
ಇಪ್ಪತ್ತೆರಡರ ಹುಡುಗ, ಕೊರಳಿಗೆ ಯಂತ್ರ.
ಹುಚ್ರಾಯಪ್ಪ ಗೊತ್ತಾ ಅಂತ ಬಾಯಿಗೆ ಬಂದದ್ದನ್ನು ನುಂಗಿದೆ.
ರಾತ್ರಿ ಎಲ್ಲರೂ ಮಲಗಿದ ಮೇಲೆ
ಒಂದೊಂದೇ ಸ್ವಿಚ್ಚು ಆರಿಸಿ ಹೊರಗೆ ಬಂದೆ.
ಮೀಟರಿಗೆ ಈಗ ಚಕ್ರವಿಲ್ಲ, ಸಣ್ಣ ಕೆಂಪು ಚುಕ್ಕೆ.
ಕತ್ತಲಲ್ಲಿ ನಿಂತು ಎಣಿಸಿದೆ.
ಮಿನುಗಿತು. ತುಂಬಾ ಹೊತ್ತು ಬಿಟ್ಟು ಇನ್ನೊಮ್ಮೆ.
ಫ್ರಿಜ್ಜಿನ ಪ್ಲಗ್ಗು ಕಿತ್ತಿದ್ದೆನಾ ಇಲ್ಲವಾ,
ಒಳಗೆ ಹೋಗಿ ನೋಡಲಿಲ್ಲ.