ಎರಡು ಗೆರೆ ಎಳೆದ ಸಾಲು

ಮೊದಲ ದಿನ ಪೂರ್ತಿ ಕೈ ತೊಳೆಯುವುದನ್ನೇ ಕಲಿಸಿದರು.
ಬೆರಳ ಸಂದಿ, ಉಗುರಿನ ಬುಡ, ಹೆಬ್ಬೆರಳ ಸುತ್ತ.
ಗಾರ್ಮೆಂಟ್ಸಿನಲ್ಲಿ ನಾಲ್ಕು ವರ್ಷ ಕಾಲರ್ ಹೊಲಿದ ಕೈ ಇದು,
ತೋರುಬೆರಳಲ್ಲಿ ಸೂಜಿ ತೂರಿದ ಗುರುತಿದೆ.
ಧರಣೇಂದ್ರಯ್ಯ ಮೇಷ್ಟ್ರು ಅದನ್ನು ನೋಡಿ
'ಒಳ್ಳೇದಾಯ್ತು, ನಿನಗೆ ಸೂಜಿ ಭಯ ಇರಲ್ಲ' ಅಂದರು.

ಹಾಸನದ ಆಸ್ಪತ್ರೆ ಹಿಂದೆ ತಗಡಿನ ಶೆಡ್ಡು,
ನೆಲದ ಮೇಲೆ ರಬ್ಬರಿನ ಮನುಷ್ಯ, ಸೊಂಟದ ಕೆಳಗೆ ಏನೂ ಇಲ್ಲ.
ಹದಿನಾಲ್ಕು ಜನ ಸೇರಿ ಅವನಿಗೆ ಜವರಪ್ಪ ಅಂತ ಹೆಸರಿಟ್ಟೆವು.
ಯಮನ ಹೆಸರಿಟ್ಟುಕೊಂಡವನೇ ದಿನಕ್ಕೆ ನಲವತ್ತು ಸಲ ಸಾಯುತ್ತಾನೆ,
ಎಬ್ಬಿಸಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ
ಮತ್ತೆ ಸತ್ತಿರುತ್ತಾನೆ.
ಮೂವತ್ತು ಒತ್ತು, ಎರಡು ಉಸಿರು.
'ಮುದ್ದೆ ತಿರುವಿದ ಹಾಗಲ್ಲಮ್ಮ, ತೋಳು ನೆಟ್ಟಗಿರಲಿ,
ಮೈಭಾರ ಬಿಡು.'

ಅದಕ್ಕೂ ಮೊದಲು ಒಂದು ಮಾತು ಕೇಳಬೇಕು.
ಮಂಡಿಯೂರಿ, ಹೆಸರು ಹೇಳಿ:
'ಸಹಾಯಕ್ಕೆ ಬಂದಿದ್ದೀನಿ. ನಿಮ್ಮನ್ನ ಮುಟ್ಟಬಹುದಾ?'
ಹದಿಮೂರು ಜನ ಸಲೀಸಾಗಿ ಒಪ್ಪಿಸಿದರು.
ನನ್ನ ಸರದಿಗೆ ಗಂಟಲು ಕಟ್ಟಿತು.
ಗೊತ್ತು, ಜವರಪ್ಪ ರಬ್ಬರಿನವನು.
ಆದರೆ ನಮ್ಮ ಅಜ್ಜಿಗೆ ಗೊತ್ತಿದ್ದದ್ದು
ಮೇಲಿನಿಂದ ಹೊಯ್ದ ನೀರು, ಬೊಗಸೆ ತುಂಬಿ
ಮೊಣಕೈಯಿಂದ ತೊಟ್ಟಿಕ್ಕಿದ್ದು.
ಅಪ್ಪನಿಗೆ ಜಗುಲಿ ಅಂಚಿಗೆ ಇಟ್ಟ ಕೂಲಿ.
ಉತ್ತರ ಗೊತ್ತಿದ್ದ ಪ್ರಶ್ನೆ,
ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

'ಬೇಡ ಅಂದರೆ ಸಾರ್?'
'ಮುಟ್ಟೋ ಹಾಗಿಲ್ಲ. ಸಹಿ ಹಾಕಿಸ್ಕೋ.'
'ಮಾತಾಡೋ ಸ್ಥಿತೀಲಿ ಇಲ್ಲದಿದ್ದರೆ?'
'ಪ್ರಜ್ಞೆ ಇಲ್ಲದವರು ಒಪ್ಪಿದ್ದಾರೆ ಅಂತಲೇ ತಿಳೀಬೇಕು.'
ನೋಟ್‌ಬುಕ್ಕಿನಲ್ಲಿ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದೆ,
ಪರೀಕ್ಷೆಗೆ ಬರುತ್ತದೆ ಅಂತಲ್ಲ.

ಆರನೇ ವಾರ ಗಾಡಿಗೆ ಹಾಕಿದರು.
ಸ್ಟಿಯರಿಂಗಿಗೆ ಇರ್ಷಾದಣ್ಣ, ಹಿಂದೆ ಶೋಭಾವತಕ್ಕ,
ಅವರ ಪಕ್ಕದ ಮಡಚುವ ಸೀಟು ನನ್ನದು.
ಮೂರು ರಾತ್ರಿ ಏನೂ ಇಲ್ಲ. ಒಬ್ಬ ಕುಡುಕ.
ಹಾವು ಕಚ್ಚಿತೆಂದು ಅತ್ತ ಹುಡುಗ, ಕಚ್ಚಿದ್ದು ಜರಿ.
ಶಾಂತಿಗ್ರಾಮದ ಟೋಲಿನ ಹತ್ತಿರ ಟೀ, ಮತ್ತೆ ಟೀ.
ನಾಲ್ಕನೇ ರಾತ್ರಿ, ಕೋಳಿ ಕೂಗುವ ಹೊತ್ತು,
ಆಲೂಗಡ್ಡೆ ಲಾರಿಗೆ ಬೈಕು.
ರಸ್ತೆ ತುಂಬ ಉರುಳಿದ ಗಡ್ಡೆ, ಕಾಲಿಟ್ಟಲ್ಲಿ ಜಾರಿಕೆ.
ಜಾಗ ಸುರಕ್ಷಿತವಾ? ಹೌದು. ಜೋರಾಗೇ ಹೇಳಿಕೊಂಡೆ,
ಪಾಠ ಒಪ್ಪಿಸುವವಳ ಹಾಗೆ.

ಅರವತ್ತರ ಗಂಡಸು. ಕಿವಿಯಲ್ಲಿ ಚಿನ್ನದ ಒಂಟಿ.
ಮಂಡಿಯೂರಿ ಹೆಸರು ಹೇಳಿ ಕೇಳಿದೆ.
ಟಾರ್ಚಿನ ಬೆಳಕಿಗೆ ಕಣ್ಣು ಕಿರಿದು ಮಾಡಿ
'ಯಾವೂರು' ಅಂದರು.
ಹೇಳಿದೆ.
'ಅಲ್ಲಿ ಯಾರ ಪೈಕಿ?'
ನಾನು ಬಾಯಿ ತೆರೆಯುವ ಮೊದಲು ಅವರ ಕಣ್ಣು ಮುಚ್ಚಿತು.
ಒಪ್ಪಿದರೋ, ಪ್ರಜ್ಞೆ ತಪ್ಪಿತೋ,
ಇವತ್ತಿಗೂ ಗೊತ್ತಿಲ್ಲ.
ಎರಡು ಗೆರೆಯ ಸಾಲನ್ನು ಮನಸ್ಸಲ್ಲೇ ಓದಿ
ಕುತ್ತಿಗೆಗೆ ಕೈಯಿಟ್ಟೆ.
ನಾಡಿ ಇತ್ತು.
ಕತ್ತರಿ ಹಾಕಿ ಕಾಲರಿನಿಂದ ಅಂಗಿ ಸೀಳಿದೆ.
ಎಂಥ ಗಟ್ಟಿ ಹೊಲಿಗೆ!

ಗಾಡಿಯಲ್ಲಿ ಕಣ್ಣು ಬಿಟ್ಟರು. 'ನೀರು.'
ಹೊಟ್ಟೆಗೆ ಪೆಟ್ಟಾದವರಿಗೆ ನೀರು ಕೊಡುವಂತಿಲ್ಲ.
'ನೀರಮ್ಮ, ಒಂದು ಗುಟುಕು.'
ಇಲ್ಲ ಅನ್ನುವ ಸರದಿ ನನ್ನದಾಗಿತ್ತು,
ಅದರಲ್ಲಿ ಏನೂ ರುಚಿ ಇರಲಿಲ್ಲ.
ಅಕ್ಕನ ಮುಖ ನೋಡಿದೆ. ತಲೆಯಾಡಿಸಿದರು.
ಹತ್ತಿ ಅದ್ದಿ, ಹಿಂಡಿ, ಅವರ ತುಟಿ ಒರೆಸಿದೆ.
ಮಗುವಿನ ಹಾಗೆ ಚೀಪಿದರು.
ಗ್ಲೌಸಿನ ಬೆರಳು ಕೂಡ.

ಆಸ್ಪತ್ರೆಯಲ್ಲಿ ಇಳಿಸಿ, ಬರೆಸಿ,
ಗ್ಲೌಸ್ ಕಿತ್ತು ನಲ್ಲಿ ತಿರುಗಿಸಿದೆ.
ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳುವವರು
ಈ ಸಲ ನಾವು ಅಂತ ಅಜ್ಜಿಗೆ ಹೇಳಬೇಕಿತ್ತು, ಅವಳಿಲ್ಲ.
ಬೆರಳ ಸಂದಿ. ಉಗುರಿನ ಬುಡ.
ಹೆಬ್ಬೆರಳು ಇನ್ನೂ ಬಾಕಿಯಿತ್ತು,
ಹೊರಗೆ ಇರ್ಷಾದಣ್ಣ ಹಾರ್ನ್ ಒತ್ತಿದರು.