ಮೂವತ್ತಾರು ಇಂಚಿನ ಪನ್ನ

ಸುಬ್ಬಕೃಷ್ಣ ಶೆಟ್ಟರ ಅಂಗಡಿ ಮುಚ್ಚುವ ವಾರ
ಅಟ್ಟದಿಂದ ಇಳಿಯಿತು ಈ ತಾನು.
ಮಾಸಿದ ನೀಲಿ. ಮೈತುಂಬ ಉಗುರಿನಷ್ಟು ಕೊಡೆಗಳು,
ಕಿತ್ತಳೆ ಬಣ್ಣದವು, ಒಂದು ಬಿಚ್ಚಿದ್ದು ಒಂದು ಮಡಚಿದ್ದು,
ಚಿಂತಾಮಣಿಯಲ್ಲಿ ಯಾರೂ ಕೊಳ್ಳದ ಮಳೆ.
ಮೀಟರಿಗೆ ನಾಲ್ಕು ರೂಪಾಯಿ ಎಪ್ಪತ್ತು ಪೈಸೆ
ಎಂಬ ಚೀಟಿಗೆ ಗುಂಡುಪಿನ್ನು, ಗುಂಡುಪಿನ್ನಿಗೆ ತುಕ್ಕು.
"ಎಪ್ಪತ್ತೆಂಟನೇ ಇಸವಿದು ಸ್ವಾಮಿ, ಹಾಗೇ ತಗೊಂಡ್ಹೋಗಿ,
ನೆಲ ಒರೆಸೋಕಾದ್ರೂ ಆದೀತು."
ನೂರು ರೂಪಾಯಿ ಕೊಟ್ಟೆ. ಚಿಲ್ಲರೆ ಕೇಳಲಿಲ್ಲ.
ಈ ಜನ್ಮದಲ್ಲಿ ಅದೇ ಮೊದಲು.

ಮೂವತ್ತೊಂದು ವರ್ಷ ಖಾಕಿ ತೊಟ್ಟವನು ನಾನು.
ಮದನಪಲ್ಲಿ, ಕೈವಾರ, ಬಾಗೇಪಲ್ಲಿ, ಮತ್ತೆ ಮದನಪಲ್ಲಿ.
ಎರಡು ಜೇಬು, ಎದೆಗೊಂದು ನಂಬರು,
ಒಗೆದಷ್ಟೂ ಖಾಕಿಯೇ ಆಗುತ್ತಾ ಹೋಗುವ ಖಾಕಿ.
ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ
ಡಿಪೋದವರು ಕೊಟ್ಟ ಷರ್ಟುಪೀಸು
ಮನೆಗೆ ಬಂದು ಬಿಚ್ಚಿ ನೋಡಿದರೆ
ತಿಳಿಖಾಕಿ.
ಮುನಿರತ್ನ ಬಾಗಿಲಿಗೊರಗಿ ಸಂಜೆತನಕ ನಕ್ಕಳು.

ಅವಳದೇ ಮಿಷನ್ನು. ಬೀದಿಯ ಅರ್ಧ ರವಿಕೆ ಹುಟ್ಟಿದ್ದು ಅದರಲ್ಲಿ.
"ಒಂದೇ ಸಮ ತುಳೀಬೇಕು, ಇದೇನು ಬಸ್ಸಲ್ಲ
ಬ್ರೇಕು ಹೊಡೆಯೋಕೆ."
ಬ್ರೇಕು ಹೊಡೆದದ್ದು ಡ್ರೈವರು, ನಾನಲ್ಲ ಎಂದೆ.
ಕಾಲರು ಕಲಿಸಿದವನು ಪಕ್ಕದ ಓಣಿಯ ದಸ್ತಗೀರ್.
ಬಕ್ರಂ ಇಟ್ಟು, ಮೂಲೆಯೊಳಕ್ಕೆ ಸೂಜಿ ತೂರಿಸಿ
ಚೂಪು ಎಳೆದು ತೋರಿಸಿ ಎಂದ:
"ಎಂಟು ಕಾಲರು ಹಾಳು ಮಾಡಿ, ಒಂಬತ್ತನೇದಕ್ಕೆ ಬನ್ನಿ."
ಹನ್ನೊಂದು ಹಾಳಾದವು.

ಅಳತೆ ಗೀಚಲು ಟ್ರಂಕಿನಲ್ಲಿತ್ತು ಖಾಲಿ ವೇಬಿಲ್ಲುಗಳ ಕಟ್ಟು.
ತೋಳಿನ ಗೆರೆ 'ಹತ್ತಿದವರು' ಕಾಲಮ್ಮಿನಲ್ಲಿ ಹೊರಟು
'ಇಳಿದವರು' ಕಾಲಮ್ಮಿನಲ್ಲಿ ಮುಗಿಯಿತು.
ಬೆನ್ನಿಗೆ ನಾಲ್ಕು ಹಾಳೆ ಅಂಟಿಸಿದೆ, ಹೊಟ್ಟೆಗೆ ಐದು.

ಹಳೆ ಬಟ್ಟೆ, ಪನ್ನ ಕಿರಿದು. ಮೂವತ್ತಾರೇ ಇಂಚು.
ಬೆನ್ನು ಬಂದರೆ ತೋಳು ಬಾರದು,
ತೋಳು ಬಂದರೆ ಕೊಡೆ ತಲೆಕೆಳಗು.
ಎರಡು ದಿನ ಚಾಪೆಯ ಮೇಲೆ ಕತ್ತರಿ ಹಿಡಿದು ಕೂತೆ.
ಅದರ ಮೇಲೆ, ಇಷ್ಟು ವರ್ಷ ಒಂದೇ ಮಗ್ಗುಲಲ್ಲಿ ಮಡಚಿಕೊಂಡಿದ್ದಕ್ಕೆ
ಉದ್ದಕ್ಕೂ ಒಂದು ಬಿಳಚು ಗೆರೆ.
ಕಂಕುಳಲ್ಲಿ ಅಡಗಿಸಲು ನೋಡಿದೆ, ಗುಂಡಿಪಟ್ಟಿಯೊಳಗೆ ಮಡಚಲು ನೋಡಿದೆ.
ಕೊನೆಗೆ ಅದು ಬಂದು ಕೂತದ್ದು ಎಡ ಭುಜದ ಮೇಲೆ,
ಚರ್ಮದ ಚೀಲದ ಪಟ್ಟಿ
ಪ್ರತಿ ಖಾಕಿ ಅಂಗಿಯನ್ನೂ ಸವೆಸುತ್ತಿದ್ದ ಅದೇ ಜಾಗ.
"ಬಿಡಿ ಅತ್ಲಾಗೆ" ಎಂದಳು ಮುನಿರತ್ನ, ಹಲ್ಲಲ್ಲಿ ದಾರ ಕಡಿಯುತ್ತಾ.
ಬಿಟ್ಟೆ.

ಜೇಬಿಗೆ ಮಾತ್ರ ಹಠ ಹಿಡಿದೆ.
ಅರ್ಧ ಕೊಡೆ ಎದೆಯಲ್ಲಿ, ಅರ್ಧ ಕೊಡೆ ಜೇಬಿನಲ್ಲಿ,
ಕಡ್ಡಿಗೆ ಕಡ್ಡಿ, ಹಿಡಿಗೆ ಹಿಡಿ ಕೂಡಬೇಕು.
ಮೂರು ಸಲ ಬಿಚ್ಚಿದೆ. ನಾಲ್ಕನೇ ಸಲ ಹೊಲಿದು
ಕಿಟಕಿಯ ಬೆಳಕಿಗೆ ಹಿಡಿದರೆ
ಜೇಬೇ ಇಲ್ಲ!
ಬರೀ ಕೊಡೆಗಳು, ಒಂದು ಬಿಚ್ಚಿದ್ದು ಒಂದು ಮಡಚಿದ್ದು.
ಕಾಜಾ ಆರು, ನೆಟ್ಟಗಿರುವುದು ಐದು.
ಗುಂಡಿಗಳು ಮುನಿರತ್ನಳ ಹಳೇ ಸ್ವೆಟರಿನವು.

ನಿನ್ನೆ ಅದನ್ನು ತೊಟ್ಟು ಕೈವಾರದ ಬಸ್ಸಿಗೆ ಹೋದೆ.
ಸ್ಟ್ಯಾಂಡಿನಲ್ಲಿ ಹೂ ಕಟ್ಟುವ ಮುದುಕಿ
"ಇದೇಮಿ ಚೊಕ್ಕಾ ಸಾಮೀ, ವಾನ ವಸ್ತಾದಾ?" ಎಂದು
ನನ್ನ ಬಿಟ್ಟು ಮುಗಿಲು ನೋಡಿದಳು.
ಕಂಡಕ್ಟರು ಚಿಕ್ಕ ಹುಡುಗಿ, ಖಾಕಿ ಇನ್ನೂ ಗರಿಗರಿ.
ಊರು ಹೇಳಿದೆ. ಕೈ ಎದೆಗೆ ಹೋಯಿತು.
ಸವರಿತು. ಕೊಡೆ, ಕೊಡೆ, ಮತ್ತೆ ಕೊಡೆ.
ಮಿಷನ್ನಿನ ಮೇಲೆ ಬೆರಳಿಟ್ಟು ಅವಳು ಕಾಯುತ್ತಿದ್ದಾಳೆ,
ಹಿಂದಿನಿಂದ ಜನ ನೂಕುತ್ತಿದ್ದಾರೆ,
"ಚಿಲ್ಲರೆ ಇಲ್ವಾ ಯಜಮಾನ್ರೇ?"

ಇದೆಯಮ್ಮಾ, ಎಣಿಸಿಯೇ ಇಟ್ಟಿದ್ದೀನಿ,
ಇಲ್ಲೇ ಎಲ್ಲೋ ಇದೆ.