ಎರಡನೆಯ ಹಂಚು

ದೆಸ್ಸೀಯ ಬಸ್ ನಿಲ್ದಾಣದಲ್ಲಿ ದಿನವೂ
ಮೊದಲು ಏಳುವುದು ಕೋಳಿಯಲ್ಲ, ನನ್ನ ಹಂಚು.
ಹಸಿ ಬೀಜ ಚಟಪಟ ಅಂದಾಗ
ಡ್ರೈವರುಗಳು ಮುಸುಕು ತೆಗೆಯುತ್ತಾರೆ.
ಇಪ್ಪತ್ತೆರಡು ವರ್ಷ
ಪ್ರತಿ ಹುರಿತದ ಮೊದಲ ಗುಟುಕು ನನ್ನದೇ,
ಖಾಲಿ ಹೊಟ್ಟೆಗೆ, ಸುಡುಸುಡುವಾಗ.
ಗಿರಾಕಿಗೆ ಕಹಿ ಹೆಚ್ಚಾಗಬಾರದಲ್ಲ.

ಈಗ ನಡುರಾತ್ರಿ
ಎದೆಗೂಡಿನ ಕೆಳಗೆ ಯಾರೋ
ಮೆಣಸಿನ ಕೈ ತೊಳೆಯುತ್ತಾರೆ.

"ಯಾರ ಮೇಲೆ ಹೊಟ್ಟೆಕಿಚ್ಚು, ಯೆಶಿಮೆಬೆತ್?"
ನಗುತ್ತಾಳೆ ಸೋಪಿನ ಅಂಗಡಿಯ ತೊಯ್ಬಾ.
ಯಾರ ಮೇಲೂ ಇಲ್ಲ ತಾಯಿ.
ಕಿಚ್ಚು ಇದೆ, ಹೊಟ್ಟೆಯೂ ಇದೆ. ಅಷ್ಟೇ.

ಔಷಧಿ ಹೇಳದವರಿಲ್ಲ ಊರಲ್ಲಿ.
ಜೇನು ಅಂದರು, ಬಿಳಿಯದು, ತಿಗ್ರಾಯ್ ಕಡೆಯದು;
ಬೆಲೆ ಕೇಳಿಯೇ ನೋವು ಒಂದು ಗಳಿಗೆ ನಿಂತಿತು.
ಲೋಳೆಸರ. ಹಸಿ ಆಲೂಗಡ್ಡೆಯ ರಸ.
ಬೆಟ್ಟದ ಮೇಲಿನ ಚರ್ಚಿನ ತೀರ್ಥ.
ಎಲೆಕೋಸು ಹಿಂಡಿದ ಹಸಿರು ನೀರು,
ಅದನ್ನು ಕುಡಿದ ದಿನ
ನನ್ನ ಬೆಂಚಿನ ಹತ್ತಿರ ಯಾರೂ ಸುಳಿಯಲಿಲ್ಲ.

ಆಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಇಳಿಸಿದರು,
ಅದರ ತುದಿಗೊಂದು ಕಣ್ಣು.
ಹುಡುಗ ಡಾಕ್ಟರು ಪರದೆಯ ಮೇಲೆ ತೋರಿಸಿದ:
ನೋಡಿ, ಇಲ್ಲಿ, ಕಾಫಿ ಬೀಜದಷ್ಟು ಹುಣ್ಣು.
ಕಾಫಿ ಬೀಜ!
ನಗು ತಡೆಯದೆ ಕೊಳವೆ ಅಲುಗಿತು.
ತಿರುಚಿದ ಮೈಯ ಕ್ರಿಮಿಯೊಂದು ಮನೆ ಮಾಡಿದೆಯಂತೆ,
ಚಿಕ್ಕಂದಿನಲ್ಲೇ ಬಂದಿರಬಹುದಂತೆ.
ನಮ್ಮಲ್ಲಿ ಅತಿಥಿ ಮೂರು ಸುತ್ತು ಕುಡಿಯದೆ ಏಳುವುದಿಲ್ಲ,
ಅಬೊಲ್, ತೋನಾ, ಬೆರೆಕಾ.
ಇವನು ನಲವತ್ತು ವರ್ಷದಿಂದ ಎದ್ದೇ ಇಲ್ಲ.
ಹದಿನಾಲ್ಕು ದಿನಕ್ಕೆ ಮಾತ್ರೆ ಬರೆದ.
ತೆಲ್ಬಾ ಕುಡಿಯಲೇ, ಅಂದೆ, ಮೆಲ್ಲಗೆ.
ಪೆನ್ನು ನಿಲ್ಲಿಸಿದ. ನಮ್ಮಮ್ಮ ಕೇಳುವುದೂ ಇದನ್ನೇ.
ಕುಡಿಯಿರಿ. ಮಾತ್ರೆ ಮಾತ್ರ ಬಿಡಬೇಡಿ.

ತೆಲ್ಬಾ ಅಂದರೆ ಅಗಸೆ.
ಮೇಲಿನ ಬಯಲಲ್ಲಿ ಅದು ಹೂ ಬಿಟ್ಟಾಗ
ಯಾರೋ ಆಕಾಶವನ್ನು ಒಗೆದು ಹರವಿದ ಹಾಗೆ.
ಬೀಜ ಕಂದು, ನುಣುಪು,
ಹಿಡಿದರೆ ಮುಷ್ಟಿಯಲ್ಲಿ ನಿಲ್ಲದು.
ಹುರಿದು, ಕುಟ್ಟಿ, ನೀರಿಗೆ ಹಾಕಿ
ಒಂದು ಸಣ್ಣ ಜಗಳದಷ್ಟು ಹೊತ್ತು ಬಿಟ್ಟರೆ
ನೀರಿಗೆ ಮೈ ಬರುತ್ತದೆ;
ಮೊಟ್ಟೆಯ ಬಿಳಿಯಂಥ ಲೋಳೆ, ಎತ್ತಿದರೆ ನೂಲು.
ಮೊದಲ ದಿನ ಕಾಫಿಯ ಹಂಚಿನಲ್ಲೇ ಹುರಿದೆ.
ಲೋಟದ ತುಂಬ ಕಾಫಿಯದೇ ವಾಸನೆ.
ನಾಲಿಗೆ ನಂಬಿತು, ಖುಷಿಪಟ್ಟಿತು.
ಹೊಟ್ಟೆಯೂ ನಂಬಿತು, ಉರಿಯಿತು.
ಮರುದಿನ ಸಂತೆಯಿಂದ ಎರಡನೆಯ ಹಂಚು ತಂದೆ,
ಚೌಕಾಸಿ ಮಾಡದೆ.

ಗುಣವಾಯಿತೇ? ಗೊತ್ತಿಲ್ಲ.
ಮಾತ್ರೆಯೋ, ಅಗಸೆಯೋ, ಆ ಮೊದಲ ಗುಟುಕು ಬಿಟ್ಟದ್ದೋ,
ಒಂದು ರಾತ್ರಿ ಎಚ್ಚರವೇ ಆಗಲಿಲ್ಲ.
ಬೆಳಿಗ್ಗೆ ಅದಕ್ಕೇ ಗಾಬರಿಯಾಯಿತು.

ನಿನ್ನೆ, ಕೊಂಬೊಲ್ಚಾದ ತಿರುವುಗಳಲ್ಲಿ ವ್ಯಾನು ಇಳಿಸುವ
ಶಿಫೆರಾವ್ ಬಂದ,
ಕೀಲಿಕೈ ಒಂದು ಕೈಯಲ್ಲಿ, ಹೊಟ್ಟೆ ಇನ್ನೊಂದು ಕೈಯಲ್ಲಿ.
ಕೂತು, ಕಡುಕಾಫಿ ಅಂದ.
ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ
ಅಗಸೆ ನೀರು ಸುರಿದು ಮುಂದಿಟ್ಟೆ.
ಏನಿದು, ಸಿಂಬಳವೇ?
ಹೌದು, ಕುಡಿ.
ಬೈದ. ಕುಡಿದ. ತುಟಿಯ ನೂಲು ಒರೆಸಿಕೊಂಡ.
ಎರಡು ವ್ಯಾನು ಹೊರಟುಹೋಗುವವರೆಗೆ ಸುಮ್ಮನೆ ಕೂತ.
ಕಾಸು ತೆಗೆದ. ಬೇಡ ಅಂದೆ.
ನಿನ್ನ ಹೊಟ್ಟೆ ತಣ್ಣಗಿರಲಿ, ಅಂದ.
ಎಲ್ಲರೂ ಎಲ್ಲರಿಗೂ ಅನ್ನುವ ಮಾತು;
ನಾನು ಹೊದಿಕೆಯ ಕೆಳಗೆ ಕೈಯಿಟ್ಟು
ಹೌದೇ ಎಂದು ನೋಡಿಕೊಂಡೆ.

ಹುರಿದ ಬೀಜವನ್ನು ಈಗಲೂ
ಒಬ್ಬೊಬ್ಬರ ಮುಂದೆ ಒಯ್ಯುತ್ತೇನೆ,
ಹೊಗೆಯನ್ನು ಅಂಗೈಯಿಂದ ಅವರತ್ತ ತಳ್ಳುತ್ತೇನೆ.
ಕೊನೆಗೆ, ಯಾರೂ ನೋಡದಾಗ,
ಒಮ್ಮೆ ನನ್ನತ್ತ.
ಹೊಗೆಗೆ ಹೊಟ್ಟೆಯ ದಾರಿ ಗೊತ್ತಿಲ್ಲ,
ಪುಣ್ಯಕ್ಕೆ.